ಮುಕ್ತಿನಾಥಕ್ಕೆ ಹೊರಟ ಪುಟ್ಟಿಗೆ

ಪ್ರೀತಿಯ ಪುಟ್ಟಿ,

ಜೂನ್ ಕೊನೆಗೆ ಗೆಳತಿಯರ ಜೊತೆ ನೇಪಾಳದ ಮುಕ್ತಿನಾಥ ದೇವಸ್ಥಾನಕ್ಕೆ ಹೊರಟಿದ್ದೀಯಂತೆ, ಅಕ್ಕ ಫೋನಿನಲ್ಲಿ ಹೇಳಿದಳು. ಕೇಳಿ ತುಂಬಾ ಖುಷಿಯಾಯಿತು. "ಅಲ್ಲಿ ಹಿಂದಿ ನಡೆಯುತ್ತೆ ಬಿಡು" ಅಂದೆಯಂತೆ. ನಡೆಯುತ್ತೆ, ಇಲ್ಲ ಅನ್ನಲ್ಲ. ಆದರೂ ನಾಲ್ಕು ನೇಪಾಳಿ ಮಾತು ಕಲಿತು ಹೋಗು. ಕಠ್ಮಂಡುವಿನ ಪಶುಪತಿನಾಥ ದೇವಸ್ಥಾನದಲ್ಲಿ ತಲೆತಲಾಂತರದಿಂದ ಪೂಜೆ ಮಾಡುವವರು ನಮ್ಮ ಕಡೆಯ ಭಟ್ಟರೇ, ನಿಜ. ಆದರೆ ಚಹಾ ಅಂಗಡಿಯಲ್ಲಿ, ಜೀಪಿನಲ್ಲಿ, ರಾತ್ರಿ ತಂಗುವ ಮನೆಯಲ್ಲಿ ನಿನಗೆ ಸಿಗುವವರು ಬೇರೆ ಜನ ಅಲ್ವಾ?

ಮೊದಲು ಕರೆಯೋದು ಕಲಿ. ನಿನಗಿಂತ ದೊಡ್ಡ ಗಂಡಸು "ದಾಯ್", ಅಂದರೆ ಅಣ್ಣ. ಹೆಂಗಸು "ದಿದಿ". ಚಿಕ್ಕವರು "ಭಾಯ್", "ಬಹಿನಿ". ವಯಸ್ಸಾದವರಿಗೆ "ಆಮಾ", "ಬುವಾ". "ಏಯ್", "ಹಲೋ" ಅಂತ ಯಾರನ್ನೂ ಕೂಗಬೇಡ. ಯಾರಾದರೂ ನಿನ್ನನ್ನು ಕರೆದರೆ "ಹಜುರ್" ಅನ್ನು. ಹೇಳಿದ್ದು ಕೇಳಿಸದೇ ಹೋದರೂ "ಹಜುರ್?" ಅಂತಲೇ ಕೇಳು.

ಇನ್ನು "ಕೊಡು"ಗೂ "ಕೊಡಿ"ಗೂ ನಮ್ಮಲ್ಲಿ ಎಷ್ಟು ವ್ಯತ್ಯಾಸ ಇದೆ ಅಂತ ನಿನಗೆ ಹೇಳಬೇಕಾಗಿಲ್ಲ. ಅಲ್ಲೂ ಹಾಗೇ. "ದಿನುಸ್" ಅಂದರೆ ಕೊಡಿ, "ಬಸ್ನುಸ್" ಅಂದರೆ ಕೂತ್ಕೊಳ್ಳಿ, "ರೋಕ್ನುಸ್" ಅಂದರೆ ನಿಲ್ಲಿಸಿ. ಕೊನೆಗೊಂದು "ನ" ಸೇರಿಸಿದರೆ ಮಾತು ಇನ್ನೂ ಮೆತ್ತಗಾಗುತ್ತದೆ. "ದಿದಿ, ಪಾನಿ ದಿನುಸ್ ನ." "ದಾಯ್, ಯಹಾಂ ರೋಕ್ನುಸ್ ನ." ಇವೆರಡನ್ನು ಬಾಯಿಪಾಠ ಮಾಡು, ಅರ್ಧ ಪ್ರಯಾಣ ಸಾಗುತ್ತದೆ. ನೀರು ಬಿಸಿ ಬೇಕಾದರೆ "ತಾತೋ ಪಾನಿ". ಪೋಖರಾದಿಂದ ಹೋಗುವ ದಾರಿಯಲ್ಲಿ ತಾತೋಪಾನಿ ಅಂತ ಊರೇ ಬರುತ್ತದೆ, ಅಲ್ಲಿನ ಬಿಸಿನೀರಿನ ಬುಗ್ಗೆಯಿಂದ ಬಂದ ಹೆಸರು. ಮುಕ್ತಿನಾಥದ 108 ಧಾರೆಗಳ ನೀರು ಮಾತ್ರ "ಚಿಸೋ", ಮೈ ಕೊರೆಯುವಷ್ಟು ತಣ್ಣಗೆ.

ದುಡ್ಡಿನ ವಿಷಯ ಗಮನ ಇಟ್ಟು ಓದು. ನಮ್ಮ 100 ರೂಪಾಯಿಗೆ ಅವರ 160, 1993ರಿಂದ ಇದೇ ಲೆಕ್ಕ. ನಮ್ಮ ದುಡ್ಡನ್ನು "ಐಸಿ" ಅಂತಾರೆ, ಅವರದ್ದನ್ನು "ಎನ್‌ಸಿ". ಬೆಲೆ ಕೇಳುವಾಗ "ಕತಿ ಹೋ?" ಅಂದು, ಜೊತೆಗೆ "ಐಸಿ ಕಿ ಎನ್‌ಸಿ?" ಅಂತಲೂ ಕೇಳು. ನಾನು ಒಂದು ಚಹಾ ಅಂಗಡಿಯಲ್ಲಿ ನೂರು ಅಂದಾಗ ಯೋಚನೆ ಮಾಡದೆ ನಮ್ಮ ನೂರರ ನೋಟು ಕೊಟ್ಟು ಎದ್ದುಬಿಟ್ಟಿದ್ದೆ. ಆ ದಿದಿ ಒಲೆ ಬಿಟ್ಟು ಬಾಗಿಲ ತನಕ ಬಂದರು, ಕೈಗೆ ಅಂಟಿದ್ದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು, "ಬೀಸ್, ಚಾಲೀಸ್, ಸಾಠಿ" ಅಂತ ಒಂದೊಂದೇ ನೋಟು ನನ್ನ ಅಂಗೈಯಲ್ಲಿಟ್ಟರು. "ಯೋ ಐಸಿ ಹೋ, ದಾಯ್" ಅಂದರು, ಇದು ಐಸಿ ಅಣ್ಣ ಅಂತ. ನನಗೆ ಹೇಳೋಕೆ ಗೊತ್ತಿದ್ದಿದ್ದು "ಧನ್ಯವಾದ್" ಒಂದೇ. ಇನ್ನೂ ಏನಾದರೂ ಹೇಳೋಕೆ ಬಂದಿದ್ದರೆ ಅಂತ ಇವತ್ತಿಗೂ ಅನ್ನಿಸುತ್ತದೆ. ಚೌಕಾಸಿಗೆ "ಅಲಿ ಮಿಲಾಉನುಸ್ ನ", ಸ್ವಲ್ಪ ಹೊಂದಿಸಿಕೊಡಿ ಅಂದರೆ ಸಾಕು. ಸಣ್ಣ ಅಂಗಡಿಯವರ ಹತ್ತಿರ ಜಾಸ್ತಿ ಎಳೆದಾಡಬೇಡ.

ನೀನು ಮಾಂಸ ತಿನ್ನಲ್ಲ, ಹಾಗಾಗಿ "ಮ ಮಾಸು ಖಾಂದಿನ" ಅಂತ ಮೊದಲೇ ಹೇಳಿಬಿಡು. ಅಲ್ಲಿ "ಫುಲ್" ಅಂದರೆ ಹೂವೂ ಹೌದು, ಮೊಟ್ಟೆಯೂ ಹೌದು. ಮೋಮೋ ಅಂಗಡಿಯಲ್ಲಿ "ಬಫ್" ಅಂತ ಬರೆದಿದ್ದರೆ ಅದು ಎಮ್ಮೆ ಕೋಣದ ಮಾಂಸ. ದಾಲ್ ಭಾತ್ ತಿನ್ನು, ಹೊಟ್ಟೆ ತುಂಬುವ ತನಕ ಬಡಿಸುತ್ತಾರೆ. "ಅಲಿಕತಿ" ಅಂದರೆ ಸ್ವಲ್ಪ, "ಪುಗ್ಯೋ" ಅಂದರೆ ಸಾಕು. ತಟ್ಟೆಗೆ ಕೈ ಅಡ್ಡ ಹಿಡಿದು ಪುಗ್ಯೋ ಅನ್ನದಿದ್ದರೆ ಅನ್ನ ಬಿದ್ದೇ ಬೀಳುತ್ತದೆ. ತಿಂದ ಮೇಲೆ "ಮೀಠೋ ಛ" ಅನ್ನೋದನ್ನು ಮರೀಬೇಡ, ರುಚಿಯಾಗಿದೆ ಅಂತ.

ಮಳೆಗಾಲ ಶುರುವಾಗಿರುತ್ತದೆ. ದಾರಿಯಲ್ಲಿ ಯಾರ ಬಾಯಲ್ಲಾದರೂ "ಪಹಿರೋ" ಅನ್ನೋ ಮಾತು ಕೇಳಿದರೆ ಎಚ್ಚರವಾಗು, ಮುಂದೆ ಗುಡ್ಡ ಕುಸಿದಿದೆ ಅಂತ. ಆಗ ಜೀಪಿನವರಿಗೆ ಅವಸರ ಮಾಡಬೇಡಿ, ಅವರು ನಿಲ್ಲಿ ಅಂದಲ್ಲಿ ನಿಲ್ಲಿ. ದಾರಿ ಕೇಳುವಾಗ ದೂರ ಕೇಳಬೇಡ. ಬೆಟ್ಟದವರಿಗೆ ಎರಡು ಗಂಟೆ ನಡಿಗೆಯೂ "ನಜಿಕೈ", ಹತ್ತಿರವೇ! "ಕತಿ ಘಂಟಾ ಲಾಗ್ಛ?", ಎಷ್ಟು ಗಂಟೆ ಹಿಡಿಯುತ್ತದೆ ಅಂತ ಕೇಳು. ಏರು "ಉಕಾಲೋ", ಇಳಿಜಾರು "ಓರಾಲೋ".

ಇದನ್ನಂತೂ ಬರೆದಿಟ್ಟುಕೋ. ಪೋಖರಾ ಸುಮಾರು 800 ಮೀಟರ್ ಎತ್ತರ, ಮುಕ್ತಿನಾಥ 3,700. ಒಂದೇ ದಿನದಲ್ಲಿ ಹತ್ತಿಬಿಡೋಣ ಅಂತ ಗೆಳತಿಯರು ಹಟ ಮಾಡಿದರೂ ಒಪ್ಪಬೇಡ, ದಾರಿಯಲ್ಲಿ ಸಿಗುವ ಜೋಮ್‌ಸೋಮ್ ಊರಿನಲ್ಲಿ ಒಂದು ರಾತ್ರಿ ಇರಿ. ತಲೆ ಸಿಡಿಯುತ್ತಿದ್ದರೆ "ಟಾಉಕೋ ದುಖ್ಯೋ" ಅನ್ನು. ವಾಂತಿ, ಸುಸ್ತು ಕೂಡ ಬಂದರೆ "ಲೇಕ್ ಲಾಗ್ಯೋ" ಅನ್ನು. ಎತ್ತರದ ಕಾಯಿಲೆಗೆ ಅವರ ಮಾತು ಅದು, ಕೇಳಿದ ಕೂಡಲೇ ಅರ್ಥವಾಗುತ್ತದೆ. ಆಮೇಲೆ ನಾಚಿಕೆ ಬಿಟ್ಟು ಕೆಳಗಿಳಿ ಪುಟ್ಟಿ, ದರ್ಶನ ಇನ್ನೊಂದು ಸಲ ಆಗುತ್ತದೆ. ಸುಮ್ನೆ ಹೆದರಿಸ್ತಿಲ್ಲ. ಹತ್ತುವಾಗ ಯಾರಾದರೂ "ಬಿಸ್ತಾರೈ, ಬಿಸ್ತಾರೈ" ಅಂದರೆ ನಿಧಾನ ನಿಧಾನ ಅಂತ, ಅವರ ಮಾತು ಕೇಳು.

ಇನ್ನೊಂದಿದೆ. ನಮ್ಮ "ಊಟ ಆಯ್ತಾ?" ಅವರಲ್ಲೂ ಇದೆ, "ಖಾನಾ ಖಾನುಭಯೋ?" ಅಂತ. ನಮ್ಮ ಹಾಗೇ ಎದುರು ಸಿಕ್ಕವರನ್ನೆಲ್ಲ ಕೇಳ್ತಾರೆ. ನಿಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ರಾತ್ರಿ ಪಾಳಿಗೆ ಇರುವ ದಾಯ್ ನೇಪಾಳದವರೇ ಅಲ್ವಾ? ಇವತ್ತು ಕೆಲಸದಿಂದ ಬರುವಾಗ ಅವರನ್ನೇ ಮೊದಲು ಕೇಳು. ಉಚ್ಚಾರ ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಏನಂದರು ಅಂತ ನನಗೆ ಫೋನ್ ಮಾಡಿ ಹೇಳು.

ನಿನ್ನ ಮಾವ