ಹೌದು, ಆ ಮಣ್ಣು ನನ್ನದೇ

ಇವರಿಂದ,
ನಿಮ್ಮ ವರ್ಕ್‌ಶಾಪಿನ ಜಾಬ್ ಕಾರ್ಡಿನಲ್ಲಿ "ಡೈಲಿ ಆಫ್-ರೋಡ್ ಕಸ್ಟಮರ್" ಎಂದು ಬರೆಸಿಕೊಂಡಿರುವ ಗ್ರಾಹಕ,
ಹೆತ್ತೂರು ಹೋಬಳಿ, ಸಕಲೇಶಪುರ ತಾಲ್ಲೂಕು.

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು,
ಬೆಂಗಳೂರು.

ವಿಷಯ: ಆಫ್-ರೋಡ್ ಎತ್ತರಕ್ಕೆ ಏರದ ಏರ್ ಸಸ್ಪೆನ್ಷನ್, ಮತ್ತು ನನ್ನನ್ನು ನಡೆಸಿಕೊಂಡ ರೀತಿ.

ಮಾನ್ಯರೇ,

ಇದು ನಾನು ನಿಮಗೆ ಬರೆಯುತ್ತಿರುವ ಮೊದಲ ಪತ್ರ. ಇದಕ್ಕೆ ಮುಂಚೆ ಹನ್ನೊಂದು ಸಲ ಫೋನ್ ಮಾಡಿದ್ದೇನೆ. ನಾಲ್ಕು ಸಲ ಗಾಡಿಯನ್ನು ನಿಮ್ಮ ಬಾಗಿಲಿಗೇ ತಂದು ನಿಲ್ಲಿಸಿದ್ದೇನೆ. ಸಮಾಧಾನವಾಗಿ ಬರೆಯಿರಿ ಅಂತ ಮನೆಯಾಕೆ ಹೇಳಿದ್ದಾಳೆ. ಪ್ರಯತ್ನ ಮಾಡುತ್ತೇನೆ.

2024ರಲ್ಲಿ ಕಾಫಿಗೆ ಬೆಲೆ ಬಂತು. ಆ ಹುಮ್ಮಸ್ಸಿನಲ್ಲಿ ನಿಮ್ಮ ಗಾಡಿ ಕೊಂಡೆ. ಅದಕ್ಕೆ ಮುಂಚೆ 26 ವರ್ಷ ಕಮಾನ್ ಕಟ್ಟಿನ ಜೀಪು ಓಡಿಸಿದವನು ನಾನು. ಜೀಪನ್ನು ಮಾರಲಿಲ್ಲ. ಈ ವ್ಯವಹಾರದಲ್ಲಿ ನಾನು ಮಾಡಿದ ಬುದ್ಧಿವಂತಿಕೆಯ ಕೆಲಸ ಅದೊಂದೇ.

ಇಷ್ಟು ದುಡ್ಡು ಸುರಿದದ್ದು ಒಂದು ಬಟನ್ನಿಗೆ. ಶೋರೂಮಿನಲ್ಲಿ ನಿಮ್ಮ ಹುಡುಗ ಅದನ್ನು ಒತ್ತಿ ತೋರಿಸಿದ. ಗಾಡಿಯ ಹಿಂಭಾಗ ಮೊದಲು ಎದ್ದಿತು, ಆಮೇಲೆ ಮುಂಭಾಗ. ಹಸು ಏಳುವುದೂ ಹೀಗೇ, ಹಿಂಗಾಲು ಮೊದಲು. ಅಲ್ಲೇ ಮರುಳಾದೆ. ಒಟ್ಟು ಏರುವುದು ಆರು ಸೆಂಟಿಮೀಟರ್, ಅಂದರೆ ಮೂರು ಬೆರಳಗಲ. ಬೆಂಗಳೂರಿನವರಿಗೆ ಅದು ಏನೂ ಅಲ್ಲದಿರಬಹುದು. ನಮ್ಮ ತೋಟದ ಕೊನೆಯ ಮೂರೂವರೆ ಕಿಲೋಮೀಟರಿನಲ್ಲಿ ಟ್ರ್ಯಾಕ್ಟರ್ ಚಕ್ರಗಳು ಎರಡೂ ಕಡೆ ಕೊರೆದು, ನಡುವೆ ದಿಂಡು ಎದ್ದಿದೆ. ಆ ಮೂರು ಬೆರಳಿದ್ದರೆ ಹೊಟ್ಟೆ ತಾಗದೆ ಮನೆ ಸೇರುತ್ತೇನೆ. ಇಲ್ಲದಿದ್ದರೆ ದಿಂಡಿನ ಮೇಲೆ ಆಮೆಯ ಹಾಗೆ ಕೂರುತ್ತೇನೆ.

ಗಂಟೆಗೆ 50 ಕಿಲೋಮೀಟರ್ ದಾಟಿದರೆ ಗಾಡಿ ತಾನೇ ಇಳಿಯುತ್ತದೆ, ಎಂಜಿನ್ ಓಡುತ್ತಿರಬೇಕು, ಬಾಗಿಲು ಮುಚ್ಚಿರಬೇಕು. ಈ ನಿಯಮಗಳು ನಿಮ್ಮವೇ, ನಿಮಗೆ ಗೊತ್ತೇ ಇವೆ. ಒಂದನ್ನೂ ಮುರಿದಿಲ್ಲ. ನಮ್ಮ ರಸ್ತೆಯಲ್ಲಿ 50ರಲ್ಲಿ ಓಡಿಸುವ ಗಂಡು ಇನ್ನೂ ಹುಟ್ಟಿಲ್ಲ.

ಮೊದಲ ವರ್ಷ ಸುಖವಾಗಿತ್ತು. ಕಳೆದ ಫೆಬ್ರವರಿಯಲ್ಲಿ ಹಿಂದಿನ ಎಡಗಡೆಯ ಗಾಳಿ ಬೆಲ್ಲೋ, ಅಂದರೆ ಸ್ಪ್ರಿಂಗಿನ ಬದಲು ಗಾಡಿಯನ್ನು ಹೊರುವ ರಬ್ಬರ್ ಚೀಲ, ಹೋಯಿತು. ವಾರಂಟಿಯಲ್ಲೇ ಬದಲಾಯಿಸಿದಿರಿ, ಜೊತೆಗೆ ಎತ್ತರ ಅಳೆಯುವ ಸೆನ್ಸರಿನ ಕಡ್ಡಿಯನ್ನೂ ಹೊಸದು ಹಾಕಿದಿರಿ. ಆಗ ಕೈಮುಗಿದಿದ್ದೆ. ತೊಂದರೆ ಶುರುವಾದದ್ದು ಆ ರಿಪೇರಿಯ ಮಾರನೇ ವಾರ. ರಾತ್ರಿ ಸಮನಾಗಿ ನಿಂತ ಗಾಡಿ ಬೆಳಿಗ್ಗೆ ನೋಡಿದರೆ ಹಿಂದಿನ ಎಡಗಾಲು ಮುದುರಿಕೊಂಡು ಮಲಗಿರುತ್ತಿತ್ತು. ಸ್ಟಾರ್ಟ್ ಮಾಡಿದರೆ ಗಾಳಿ ತುಂಬುವ ಕಂಪ್ರೆಸರ್ ಗುರ್ರ್ ಅಂತ ಶುರುವಾದರೆ ನಿಲ್ಲುತ್ತಲೇ ಇರಲಿಲ್ಲ. ಬಟನ್ ಒತ್ತಿದರೆ ಅರ್ಧ ಏರಿ, "ಸಾಮಾನ್ಯ ಎತ್ತರ ಮಾತ್ರ" ಅನ್ನುವ ಸಂದೇಶ ತೋರಿಸಿ ಕೆಳಗೆ ಕೂರುತ್ತಿತ್ತು.

ಮೊದಲ ಸಲ ತಂದಾಗ "ಸಾಫ್ಟ್‌ವೇರ್" ಅಂದಿರಿ. ಎರಡನೇ ಸಲವೂ "ಸಾಫ್ಟ್‌ವೇರ್" ಅಂದಿರಿ. ಮೂರನೇ ಸಲ "ನಮ್ಮ ಟೆಸ್ಟ್ ಡ್ರೈವಿನಲ್ಲಿ ಬರ್ತಾ ಇಲ್ಲ ಸರ್" ಅಂದಿರಿ. ಟೆಸ್ಟ್ ಡ್ರೈವ್ ಎಲ್ಲಿ ಮಾಡಿದಿರಿ ಅಂತ ಕೇಳಿದೆ. ರಿಂಗ್ ರೋಡಿನಲ್ಲಂತೆ.

ಈಗ ನಾಲ್ಕನೇ ಸಲದ ಕಥೆ. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಿಮ್ಮ ಸಿಬ್ಬಂದಿಗೆ ನೆನಪಿರಲಿಕ್ಕಿಲ್ಲ, ನನಗೆ ಮರೆಯಲು ಆಗುತ್ತಿಲ್ಲ.

ಬೆಳಿಗ್ಗೆ ನಾಲ್ಕಕ್ಕೆ ತೋಟ ಬಿಟ್ಟು 10 ಗಂಟೆಯ ಅಪಾಯಿಂಟ್ಮೆಂಟಿಗೆ 9.40ಕ್ಕೇ ಬಂದೆ. 12.50ರವರೆಗೆ ಕೂರಿಸಿದಿರಿ. ಮೆಷಿನ್ ಕಾಫಿ ಕೊಟ್ಟಿರಿ. ಮೂರು ತಲೆಮಾರಿನಿಂದ ಕಾಫಿ ಬೆಳೆಯುವ ಮನೆಯವನಿಗೆ ಆ ಪುಡಿ ಹಾಲಿನ ನೀರು ಕೊಟ್ಟದ್ದು ಬೇರೆಯೇ ದೂರು. ಅದನ್ನು ಇಲ್ಲಿ ಎತ್ತುವುದಿಲ್ಲ.

ನಿಮ್ಮ ಸರ್ವಿಸ್ ಅಡ್ವೈಸರ್ ಬಂದರು. ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಟ್ಯಾಬು. ಬಹಳ ವಿನಯ. ಮಾತಿಗೊಮ್ಮೆ ಸರ್. ಅವರ ತಲೆಯ ಹಿಂದಿನ ಗೋಡೆ ತುಂಬ ನಿಮ್ಮದೇ ದೊಡ್ಡ ಫೋಟೋ. ಇದೇ ಗಾಡಿ, ಅರ್ಧ ಚಕ್ರದವರೆಗೆ ಕೆಸರಿನಲ್ಲಿ, ರಾಡಿ ಹಾರಿಸುತ್ತಾ ನಿಂತಿದೆ.

"ಸರ್, ಗಾಡಿ ಆಫ್-ರೋಡ್ ಏನಾದ್ರೂ ಓಡಿಸಿದೀರಾ?"

ಡಾಕ್ಟರು "ಕುಡಿಯೋ ಅಭ್ಯಾಸ ಇದೆಯಾ" ಅಂತ ಕೇಳುವ ದನಿ. "ಮನೆಗೆ ಹೋಗಿದ್ದೇನೆ" ಅಂದೆ.

"ಎಷ್ಟು ಸಲ ಸರ್?"

"ದಿನಾ."

ಬರೆದುಕೊಂಡರು. "ಹೈಟ್ ಎಷ್ಟು ಸಲ ಏರಿಸ್ತೀರಾ ಸರ್?"

"ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ."

"ಸರ್, ಅದು ಅಪರೂಪಕ್ಕೆ ಯೂಸ್ ಮಾಡೋ ಫೀಚರ್ ಸರ್."

ಅಪರೂಪಕ್ಕೆ ಅಂದರೆ ಎಷ್ಟು ಅಂತ ಕೇಳಿದೆ. ಅವರು ಸ್ವಲ್ಪ ಯೋಚಿಸಿದರು. "ಅಂದ್ರೆ ಸರ್... ಯಾವಾಗ್ಲಾದ್ರೂ ಒಂದ್ಸಲ. ಫ್ರೆಂಡ್ಸ್ ಬಂದಾಗ."

ಫ್ರೆಂಡ್ಸ್ ಬಂದಾಗ! ಕೈಪಿಡಿಯ ಯಾವ ಪುಟದಲ್ಲಿದೆ ಇದು? ನಾನು ಎರಡು ಸಲ ಓದಿದ್ದೇನೆ, ಸಿಗಲಿಲ್ಲ. ನಿಮಗೆ ಸಿಕ್ಕರೆ ಪುಟದ ಸಂಖ್ಯೆ ತಿಳಿಸಿ.

ಆಮೇಲೆ ಅವರು ಜೇಬಿನಿಂದ ಮಡಿಸಿದ ಟಿಶ್ಯೂ ಪೇಪರ್ ತೆಗೆದರು. ಕಾಫಿ ಕಪ್ಪಿನ ಪಕ್ಕ, ಗಾಜಿನ ಟೀಪಾಯಿಯ ಮೇಲೆ ಮೆಲ್ಲಗೆ ಬಿಚ್ಚಿದರು. ಒಳಗೆ ಒಂದು ಹೆಂಟೆ ಮಣ್ಣು. ಕೆಂಪು, ಅಡಿಕೆ ಗಾತ್ರ. ಅದಕ್ಕೊಂದು ಒಣಗಿದ ಕಾಫಿ ಎಲೆಯ ಚೂರು ಅಂಟಿತ್ತು. ಪಕ್ಕದ ಸೋಫಾದ ಹೆಂಗಸು ತನ್ನ ಬ್ಯಾಗನ್ನು ಆಚೆ ಎಳೆದುಕೊಂಡರು. ಎದುರಿಗಿದ್ದವರು ಫೋನಿನಲ್ಲಿ ಮಾತಾಡುವುದನ್ನು ನಿಲ್ಲಿಸಿ ನೋಡಿದರು.

"ಸೆನ್ಸರ್ ಕಡ್ಡಿ ಹತ್ರ ಸಿಕ್ತು ಸರ್. ಈ ಮಣ್ಣು ನಿಮ್ಮದೇನಾ ಸರ್?"

ನಾನು, 58 ವರ್ಷದವನು, ತಲೆ ತಗ್ಗಿಸಿ "ಇರಬಹುದು" ಅಂದೆ. ಕದ್ದ ಮಾಲಿನ ಜೊತೆ ಸಿಕ್ಕಿಬಿದ್ದವನ ಹಾಗೆ. "ಹೌದು, ನನ್ನದೇ, ಪಹಣಿ ಇದೆ, ತೋರಿಸಲಾ?" ಅನ್ನುವ ಉತ್ತರ ಹೊಳೆದದ್ದು ಚನ್ನರಾಯಪಟ್ಟಣ ದಾಟಿದ ಮೇಲೆ. ಆಗ ಕಾರಿನಲ್ಲಿ ನಾನೊಬ್ಬನೇ ಇದ್ದೆ. ಆದರೂ ಜೋರಾಗಿಯೇ ಹೇಳಿದೆ.

ಅಷ್ಟಕ್ಕೇ ಮುಗಿಯಲಿಲ್ಲ. ದನಿ ತಗ್ಗಿಸಿ ಇನ್ನೊಂದು ಕೇಳಿದರು: "ಹೊರಗಡೆ ಲಿಫ್ಟ್ ರಾಡ್ ಹಾಕ್ಸಿದೀರಾ ಸರ್? ಈ ಕಡ್ಡಿ ಹೊಸದಿದೆ."

ಸ್ವಾಮೀ, ಆ ಕಡ್ಡಿ ಹೊಸದಿರುವುದು ಫೆಬ್ರವರಿಯಲ್ಲಿ ನೀವೇ ಹಾಕಿದ್ದರಿಂದ. ಬಿಲ್ಲಿನಲ್ಲಿದೆ.

ಲಿಫ್ಟ್ ರಾಡ್ ವಿಷಯ ನನಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಕಡೆ ಹುಡುಗರು ಹಾಕಿಸುತ್ತಾರೆ. ಸೆನ್ಸರಿನ ಕಡ್ಡಿಯ ಉದ್ದ ಬದಲಾಯಿಸಿದರೆ ಗಾಡಿ ತಾನು ಕೆಳಗಿದ್ದೇನೆ ಅಂತ ತಿಳಿದು ಗಾಳಿ ಜಾಸ್ತಿ ತುಂಬಿಕೊಳ್ಳುತ್ತದೆ. ನಾಲ್ಕು ಕಡ್ಡಿಗೆ ಎರಡು ಇಂಚು ಸುಮ್ನೆ ಸಿಗುತ್ತದೆ. ಆದರೆ ಬೆಲ್ಲೋ ಹಿಗ್ಗಿ ನಿಂತಿರುತ್ತದೆ, ಹಳ್ಳ ಬಂದಾಗ ಚಕ್ರ ಕೆಳಗೆ ಇಳಿಯಲು ಜಾಗ ಉಳಿಯುವುದಿಲ್ಲ, ಆಕ್ಸಲ್ ಜಾಯಿಂಟುಗಳು ಓರೆಯಾಗಿ ತಿರುಗಿ ಬೇಗ ಸವೆಯುತ್ತವೆ. ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಮತ್ತು ಕಂಪನಿ ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು. ಇದನ್ನೆಲ್ಲ ತಿಳಿದು ಬೇಡ ಅಂದವನು ನಾನು. ಹಾಕಿಸಿದ ಹುಡುಗರು ಇವತ್ತು ಬಿಸಿಲೆ ಕಡೆ ಆರಾಮಾಗಿ ಓಡಾಡಿಕೊಂಡಿದ್ದಾರೆ. ಪಾಲಿಸಿದವನು ನಿಮ್ಮ ಸೋಫಾದ ಮೇಲೆ ಕೂತು ವಿಚಾರಣೆ ಎದುರಿಸಿದ.

ಕೊನೆಯ ತೀರ್ಪು: ಕಂಪ್ರೆಸರ್ ಹೋಗಿದೆ, ಹೊರಗಿನ ಮಣ್ಣಿನಿಂದ ಆದ ಹಾನಿ, ವಾರಂಟಿ ಬರುವುದಿಲ್ಲ, 1,84,000 ರೂಪಾಯಿ ಆಗುತ್ತದೆ. ನಾನು ಒಪ್ಪಲಿಲ್ಲ. ಹೊರಡುವಾಗ 1,450 ರೂಪಾಯಿ ಕಟ್ಟಿಸಿಕೊಂಡಿರಿ. ಅಡಿಭಾಗ ತೊಳೆದ ಚಾರ್ಜು. ಅಂದರೆ ಆ ಟಿಶ್ಯೂ ಪೇಪರಿನ ಮಣ್ಣು ತೆಗೆದ ಕೂಲಿಯೂ ನನ್ನದೇ.

ಅದೇ ವಾರ ಆರಿದ್ರಾ ಮಳೆ ಹಿಡಿಯಿತು. ಆರಿದ್ರಾ ಮಳೆ ಆರದೆ ಹೊಯ್ಯುತ್ತೆ ಅಂತ ನಮ್ಮಲ್ಲಿ ಮಾತಿದೆ, ಹಾಗೇ ಹೊಯ್ಯಿತು. ಹಾಸನದಲ್ಲಿ ಅಮ್ಮನ ಕಣ್ಣಿನ ಪರೀಕ್ಷೆ ಮುಗಿಸಿ ಬರುವಾಗ ರಾತ್ರಿ ಎಂಟು. ತೋಟದ ಗೇಟಿನ ಹತ್ತಿರ ಬಟನ್ ಒತ್ತಿದೆ, ಏರಿತು. ಅರ್ಧ ದಾರಿಯಲ್ಲಿ ಕಂಪ್ರೆಸರ್ ಕಾದು ನಿಂತಿತು, ಸಂದೇಶ ಬಂತು, ಗಾಡಿ ಉಸ್ಸ್ ಅಂತ ದಿಂಡಿನ ಮೇಲೆ ಕೂತಿತು. ನಾಲ್ಕು ಚಕ್ರವೂ ತಿರುಗುತ್ತವೆ, ಗಾಡಿ ಅಲ್ಲಾಡುವುದಿಲ್ಲ. 81 ವರ್ಷದ ಅಮ್ಮ ಕೊಡೆ ಹಿಡಿದು ಒಂದೂವರೆ ಕಿಲೋಮೀಟರ್ ನಡೆದರು. ಜೀಪು ತಂದು ಹಗ್ಗ ಕಟ್ಟಿ ಎಳೆದೆವು. ಅಮ್ಮ ಹೇಳಿದ್ದು ಒಂದೇ ಮಾತು: "ಹಳೇ ಜೀಪೇ ವಾಸಿ ಇತ್ತು ಕಣೋ." ಈಗ ದಿನಕ್ಕೆ ಎರಡು ಸಲ ಹೇಳುತ್ತಾರೆ. ಇದಕ್ಕೆ ಯಾವ ಆಯೋಗ ಪರಿಹಾರ ಕೊಡುತ್ತದೋ ಗೊತ್ತಿಲ್ಲ.

ಮಾರನೇ ಬೆಳಿಗ್ಗೆ ನಮ್ಮ ತೋಟದ ಪಂಪು ರಿಪೇರಿ ಮಾಡುವ ಹುಡುಗ ಬಂದ. ಗಿಡಗಳಿಗೆ ಬೋರ್ಡೋ ಔಷಧಿ ಹೊಡೆಯುವ ಪೈಪಿನಲ್ಲಿ ಲೀಕ್ ಹುಡುಕುವ ಹಾಗೆ, ಮಗ್ಗಿನಲ್ಲಿ ಬಟ್ಟೆ ಸೋಪಿನ ನೊರೆ ಮಾಡಿ, ಹಳೇ ಪೇಂಟ್ ಬ್ರಷ್ಷಿನಲ್ಲಿ ಗಾಳಿಯ ಪೈಪುಗಳಿಗೆಲ್ಲ ಹಚ್ಚಿದ. ಹಿಂದಿನ ಎಡಗಡೆ, ನೀವು ಫೆಬ್ರವರಿಯಲ್ಲಿ ಬಿಚ್ಚಿ ಹಾಕಿದ ಅದೇ ಜಾಯಿಂಟಿನಲ್ಲಿ, ಗುಳ್ಳೆಗಳು ದ್ರಾಕ್ಷಿ ಗೊನೆಯ ಹಾಗೆ ಉಬ್ಬಿ ಬಂದವು. ಹತ್ತು ನಿಮಿಷದ ಕೆಲಸ. ಅವನಿಗೆ ಟ್ಯಾಬ್ ಇಲ್ಲ. ಆಮೇಲೆ ಗಾಡಿ ಸ್ಟಾರ್ಟ್ ಮಾಡಿ, ಸಾಮಾನ್ಯ ಎತ್ತರಕ್ಕೆ ಬಂದ ಮೇಲೆ ಟೇಪು ಹಿಡಿದೆವು. ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಹಿಂದಿನ ಬಲಗಡೆ 48 ಸೆಂಟಿಮೀಟರ್, ಎಡಗಡೆ 45.5. ಸೆನ್ಸರಿನ ಕಡ್ಡಿ ಬದಲಾಯಿಸಿದ ಮೇಲೆ ಎತ್ತರವನ್ನು ಕ್ಯಾಲಿಬ್ರೇಟ್ ಮಾಡಬೇಕು, ಅಂದರೆ ಅಳೆದು ಹೊಂದಿಸಬೇಕು ಅನ್ನುವುದು ನಿಮಗೆ ಹೇಳಿಕೊಡುವ ವಿಷಯವೇ? ನಿಮ್ಮ ಫೆಬ್ರವರಿಯ ಶೀಟಿನಲ್ಲಿ ಆ ಸಾಲು ಖಾಲಿ ಇದೆ.

ಅಂದರೆ ಇಷ್ಟೇ: ನಿಮ್ಮ ಜಾಯಿಂಟು ಗಾಳಿ ಬಿಡುತ್ತಿದೆ. ಆ ನಷ್ಟ ತುಂಬಲು ಕಂಪ್ರೆಸರ್ ಓಡಿ ಓಡಿ ಕಾಯುತ್ತದೆ, ಕಾದಾಗ ಕಂಪ್ಯೂಟರ್ ಅದನ್ನು ನಿಲ್ಲಿಸುತ್ತದೆ. ತೂತು ಬಿಂದಿಗೆಗೆ ನೀರು ಸೇದಿ ಸೇದಿ ಸೋತವನನ್ನು ಹಿಡಿದು, ನಿನ್ನ ಕೈಗೆ ಮಣ್ಣು ಮೆತ್ತಿದೆ ಅಂದ ಹಾಗಾಯಿತು ನಿಮ್ಮ ತೀರ್ಪು.

ನಮ್ಮ ಐರಾವತ ಬಸ್ಸುಗಳೂ ಗಾಳಿಯ ಸಸ್ಪೆನ್ಷನ್ ಮೇಲೇ ಓಡುತ್ತವೆ. ದಿನಾ ಶಿರಾಡಿ ಘಾಟಿ ಹತ್ತಿ ಇಳಿಯುತ್ತವೆ. ಈ ಘಾಟಿ ಅಪರೂಪಕ್ಕೆ ಮಾತ್ರ ಅಂತ ಯಾವ ಡ್ರೈವರೂ ನನಗೆ ಹೇಳಿಲ್ಲ.

ಇದೆಲ್ಲ ಆದ ಮೇಲೆ ನಿಮ್ಮ ಅದೇ ಅಡ್ವೈಸರ್ ಫೋನ್ ಮಾಡಿದರು. ಗಾಡಿ ಹೇಗಿದೆ ಅಂತ ಕೇಳಲು ಅಂದುಕೊಂಡೆ. "ಸರ್, ಒಂದು ಸರ್ವೇ ಕಾಲ್ ಬರುತ್ತೆ, ದಯವಿಟ್ಟು 10ಕ್ಕೆ 10 ಕೊಡಿ ಸರ್. 9 ಕೊಟ್ರೂ ಫೇಲ್ ಅಂತ ಲೆಕ್ಕ" ಅಂದರು. ಪಾಪ, ಅವರ ಹೊಟ್ಟೆಪಾಡು. ಅವರ ಕೆಲಸಕ್ಕೆ ತೊಂದರೆ ಮಾಡಬೇಡಿ, ಆ ಪ್ರಶ್ನೆಗಳನ್ನು ಅವರ ಬಾಯಿಗೆ ತುರುಕಿದವರನ್ನು ಕೇಳಿ. ನನ್ನ ಮಟ್ಟಿಗೆ ತಾಳ್ಮೆಯ ಕಟ್ಟೆ ಒಡೆದದ್ದು ಆ ಫೋನಿನಲ್ಲೇ.

ನನಗೆ ಬೇಕಾದದ್ದು: ಜಾಯಿಂಟು ಸರಿಮಾಡಿ, ಕಂಪ್ರೆಸರ್ ನಿಮ್ಮ ಖರ್ಚಿನಲ್ಲಿ ಹಾಕಿ, ಕ್ಯಾಲಿಬ್ರೇಷನ್ ಮಾಡಿ ಅದರ ಪ್ರಿಂಟ್ ಕೊಡಿ, 1,450 ರೂಪಾಯಿ ವಾಪಸ್ ಮಾಡಿ. "ಡೈಲಿ ಆಫ್-ರೋಡ್" ಅನ್ನುವ ಸಾಲನ್ನು ಮಾತ್ರ ಅಳಿಸಬೇಡಿ. ಅದು ನನಗೆ ಬೇಕು. ಈ ಗಾಡಿಯನ್ನು ಯಾವ ಕೆಲಸಕ್ಕೆ ಮಾರಿದಿರಿ ಅನ್ನುವುದಕ್ಕೆ ನಿಮ್ಮ ಕೈಬರಹದಲ್ಲೇ ಸಾಕ್ಷಿ ಸಿಕ್ಕಿದೆ.

15 ದಿನ ಕಾಯುತ್ತೇನೆ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆ ಪಡೆದದ್ದೂ ಆಗಿದೆ. ಕೊಟ್ಟ ಬೆಲೆ 50 ಲಕ್ಷ ದಾಟಿರುವುದರಿಂದ ಜಿಲ್ಲಾ ಆಯೋಗಕ್ಕೆ ಬರುವುದಿಲ್ಲ, ರಾಜ್ಯ ಗ್ರಾಹಕ ಆಯೋಗಕ್ಕೇ ಹೋಗಬೇಕು ಅಂತ ನಮ್ಮ ವಕೀಲರು ಹೇಳಿದ್ದಾರೆ. ಅಗ್ಗದ ಗಾಡಿ ಕೊಂಡಿದ್ದರೆ ಹಾಸನದಲ್ಲೇ ಮುಗಿಯುತ್ತಿತ್ತು, ಅಲ್ವಾ? ಇರಲಿ. ಬೆಂಗಳೂರಿಗೆ ಬಂದು ಹೋಗುವುದನ್ನು ನೀವೇ ರೂಢಿ ಮಾಡಿಸಿದ್ದೀರಿ. ದೂರು ಕೊಡಲು ಕಾನೂನಿನಲ್ಲಿ ಎರಡು ವರ್ಷ ಸಮಯವಿದೆ. ನನಗೆ ಎರಡು ವಾರ ಸಾಕು.

ಹದಿನಾರನೇ ದಿನ ಗಾಡಿಯನ್ನು ನಾನು ಓಡಿಸಿಕೊಂಡು ಬರುವುದಿಲ್ಲ. ಹಳೇ ಜೀಪಿಗೆ ಹಗ್ಗ ಕಟ್ಟಿ, ಒಂದು ಹನಿ ನೀರೂ ಸೋಕಿಸದೆ, ತೋಟದ ಮಣ್ಣು ಸಮೇತ ಎಳೆದುಕೊಂಡು ಬರುತ್ತೇನೆ. ಶನಿವಾರ ನೋಡಿಕೊಂಡು ಬರುತ್ತೇನೆ, ಅವತ್ತು ನಿಮ್ಮಲ್ಲಿ ಹೊಸ ಗಿರಾಕಿಗಳು ಜಾಸ್ತಿ. ಆ ದೊಡ್ಡ ಫೋಟೋ ಕಾಣುವ ಗಾಜಿನ ಬಾಗಿಲಿನ ಎದುರಿಗೇ, ಜೀಪನ್ನೂ ಪಕ್ಕದಲ್ಲೇ ನಿಲ್ಲಿಸುತ್ತೇನೆ. ಯಾರಾದರೂ ಕೇಳಿದರೆ ಇಡೀ ಕಥೆ ಹೇಳುತ್ತೇನೆ. ಅಮ್ಮನೂ ಬರುತ್ತೇನೆ ಅಂದಿದ್ದಾರೆ.

ಇಂತಿ ನಿಮ್ಮ,
ಮಣ್ಣಿನ ಮಾಲೀಕ

ಲಗತ್ತು: ಜಾಬ್ ಕಾರ್ಡ್ ನಕಲು ನಾಲ್ಕು, ಫೆಬ್ರವರಿಯ ಬಿಲ್ಲು, ಸೋಪಿನ ಗುಳ್ಳೆಯ ಫೋಟೋ ಮೂರು, ಪಹಣಿ ಪ್ರತಿ ಒಂದು, ಮಣ್ಣು ಒಂದು ಪೊಟ್ಟಣ (ನಿಮ್ಮ ಮಾದರಿಗೆ ಹೋಲಿಸಿ ನೋಡಿಕೊಳ್ಳಲು).