ಉರ್ನೆಸ್‌ಗೆ ಒಂದಿಡೀ ದಿನ ಇಟ್ಟುಕೋ

ಪ್ರೀತಿಯ ಗೆಳೆಯ,

ಜೂನ್‌ನಲ್ಲಿ ಅಪ್ಪಯ್ಯನನ್ನೂ ಕರೆದುಕೊಂಡು ಬರುತ್ತೀಯ ಅಂತ ಓದಿ ತುಂಬಾ ಖುಷಿಯಾಯಿತು. ನಾರ್ವೆಯ ಬರ್ಗೆನ್‌ಗೆ ಬಂದಮೇಲೆ ಎಲ್ಲಿಗೆ ಹೋಗುವುದು ಎಂದು ಕೇಳಿದ್ದೀಯ. ಫ್ಯೋರ್ಡ್‌ಗಳು, ಅಂದರೆ ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರದ ತೋಳುಗಳು, ದಾರಿಯುದ್ದಕ್ಕೂ ತಾವಾಗಿಯೇ ಸಿಗುತ್ತವೆ, ಅದಕ್ಕೆ ಬೇರೆ ಯೋಚನೆ ಬೇಡ. ನಾನು ಹೇಳುವುದು ಹಳ್ಳಿಗಳ ಹಳೇ ಮರದ ಚರ್ಚುಗಳನ್ನು ನೋಡು ಅಂತ. ಮನೆಯ ಕಂಬ, ತೊಲೆ ಎಲ್ಲ ಬಿಚ್ಚಿ ಮತ್ತೆ ಜೋಡಿಸಿದವರು ನೀವಿಬ್ಬರು. ಫೋಟೋ ತೆಗೆದು ಹೊರಟುಹೋಗುವವರಿಗೆ ಕಾಣದ್ದು ನಿಮಗೆ ಕಾಣುತ್ತದೆ.

ಇವನ್ನು ಸ್ಟಾವ್ ಚರ್ಚ್ ಅನ್ನುತ್ತಾರೆ. ಮಧ್ಯಯುಗದಲ್ಲಿ ನಾರ್ವೆಯಲ್ಲಿ ಇಂಥವು ಸಾವಿರಕ್ಕೂ ಜಾಸ್ತಿ ಇದ್ದವು ಎಂದು ಅಂದಾಜು. ಈಗ ಉಳಿದಿರುವುದು 28. ಪಕ್ಕದ ಸ್ವೀಡನ್‌ನಲ್ಲಿ ಆ ಕಾಲದ್ದು ಒಂದೇ ಒಂದು ಇದೆ, ಹೆದಾರೆಡ್ ಎಂಬ ಊರಿನಲ್ಲಿ. ಅದು ಸುಮಾರು 1500ರದು.

ಎಂಟುನೂರು, ಒಂಬೈನೂರು ವರ್ಷ ಮಳೆ, ಹಿಮ ತಿಂದೂ ಮರ ಹೇಗೆ ನಿಂತಿತು? ಎಲ್ಲರೂ ಕೇಳುವುದು ಇದನ್ನೇ. ಉತ್ತರ ಬುಡದಲ್ಲಿದೆ, ಹಾಗಾಗಿ ಹೋದ ತಕ್ಷಣ ಮೇಲೆ ನೋಡಬೇಡ, ಕೆಳಗೆ ನೋಡು. ಅದಕ್ಕೂ ಹಿಂದಿನ ಚರ್ಚುಗಳ ಕಂಬಗಳನ್ನು ನೆಲದಲ್ಲಿ ಹೂಳುತ್ತಿದ್ದರು, ಅವು ಬುಡ ಕೊಳೆತು ಹೋದವು. ಆಮೇಲಿನ ಬಡಗಿಗಳು ಮೊದಲು ಕಲ್ಲು ಕೂರಿಸಿದರು. ಕಲ್ಲಿನ ಮೇಲೆ ದಪ್ಪ ತೊಲೆಗಳ ಚೌಕಟ್ಟು, ಆ ತೊಲೆಯ ಮೇಲೆ ಕಂಬ. ಮರಕ್ಕೆ ಮಣ್ಣೇ ತಾಗದು. ನಿಮ್ಮ ಜಗುಲಿಯ ಕಂಬದ ಕೆಳಗೂ ಕಲ್ಲಿದೆಯಲ್ಲ, ಅದೇ ಬುದ್ಧಿ.

ಗೋಡೆಗೆ ಹಲಗೆಗಳನ್ನು ನೆಟ್ಟಗೆ ನಿಲ್ಲಿಸಿದ್ದಾರೆ. ಒಂದರ ಅಂಚು ಇನ್ನೊಂದರ ಕಚ್ಚಿನಲ್ಲಿ ಕೂರುತ್ತದೆ, ಬುಡ ಕೆಳಗಿನ ತೊಲೆಯ ಕಚ್ಚಿನಲ್ಲಿ. ಜೋಡಿಸಿದ್ದು ಹೆಚ್ಚಾಗಿ ಮರದ ಮೊಳೆಗಳಿಂದಲೇ. ಮೇಲೆ ಕಂಬವೂ ತೊಲೆಯೂ ಸೇರುವ ಮೂಲೆಗಳಲ್ಲಿ ಬಾಗಿದ ಮರದ ತುಂಡುಗಳಿವೆ. ಅವನ್ನು ನೇರ ಮರದಿಂದ ಬಾಗಿದಂತೆ ಕೊಯ್ದದ್ದಲ್ಲ. ಕಾಂಡ ಬೇರಾಗಿ ತಿರುಗುವ ಜಾಗವನ್ನೇ ಕಡಿದು ತಂದದ್ದು. ಮರದ ಎಳೆ ತಾನಾಗಿ ಬಾಗಿರುವುದರಿಂದ ಅಲ್ಲಿ ಸೀಳುವುದಿಲ್ಲ. ಇದನ್ನು ಅಪ್ಪಯ್ಯನಿಗೆ ತಪ್ಪದೆ ತೋರಿಸು.

ಇನ್ನು ಟಾರು. ರಸ್ತೆಗೆ ಹಾಕುವ ಡಾಂಬರಲ್ಲ, ಪೈನ್ ಮರದ ಬೇರು, ಬುಡಗಳನ್ನು ಗಾಳಿಯಾಡದಂತೆ ಮುಚ್ಚಿ ನಿಧಾನವಾಗಿ ಸುಟ್ಟು ಇಳಿಸಿದ್ದು. ಬಿಸಿಲಿನ ದಿನ ಚರ್ಚಿನ ಹತ್ತಿರ ಹೋದರೆ ಹೊಗೆ ಬೆರೆತ ಅದರ ವಾಸನೆ ಮೂಗಿಗೆ ಬರುತ್ತದೆ. ಬಿಸಿಲಿಗೆ ಅದು ಕರಗಿ ಸವೆಯುತ್ತದೆ, ಆದ್ದರಿಂದ ತಲೆಮಾರಿನಿಂದ ತಲೆಮಾರಿಗೆ ಮತ್ತೆ ಮತ್ತೆ ಬಳಿಯುತ್ತಲೇ ಬಂದಿದ್ದಾರೆ. ನನಗೆ ಇದೇ ಎಲ್ಲಕ್ಕಿಂತ ದೊಡ್ಡ ವಿಷಯ. ಕಟ್ಟಿದ ಬಡಗಿಯ ಜಾಣತನ ಎಷ್ಟಿದ್ದರೂ, ಟಾರಿನ ಬಕೆಟ್ ಹಿಡಿದು ಸೂರು ಹತ್ತಿದವರು ಇಲ್ಲದಿದ್ದರೆ ಒಂದೂ ಉಳಿಯುತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ಬಹಳಷ್ಟು ಉಳಿಯಲೂ ಇಲ್ಲ. 1851ರ ಕಾನೂನು ಊರಿನ ಹತ್ತರಲ್ಲಿ ಮೂರು ಪಾಲು ಜನರಿಗಾದರೂ ಚರ್ಚಿನಲ್ಲಿ ಜಾಗ ಇರಬೇಕು ಎಂದಿತು. ಚಿಕ್ಕ ಚಿಕ್ಕ ಹಳೇ ಚರ್ಚುಗಳನ್ನು ಕೆಡವಿ ದೊಡ್ಡದು ಕಟ್ಟಿದರು. ವಾಂಗ್ ಎಂಬ ಊರಿನವರು ಹೀಗೆ ಕೆಡವಲು ಹೊರಟದ್ದು ಆ ಕಾನೂನಿಗೂ ಮುಂಚೆಯೇ. ಯೂಹಾನ್ ಕ್ರಿಸ್ಟಿಯಾನ್ ದಾಲ್ ಎಂಬ ಚಿತ್ರಕಾರ ಆ ಚರ್ಚನ್ನು ಕೊಂಡು ಉಳಿಸಿದ. ನಾರ್ವೆಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಕೊನೆಗೆ ಪ್ರಷ್ಯದ ರಾಜನ ಪಾಲಾಗಿ, ಇವತ್ತು ಪೋಲೆಂಡಿನ ಕಾರ್ಪಾಚ್ ಎಂಬ ಬೆಟ್ಟದೂರಿನಲ್ಲಿ ನಿಂತಿದೆ. 1844ರಲ್ಲಿ ಹಳೇ ಕಟ್ಟಡ ಉಳಿಸುವ ಸಂಘ ಹುಟ್ಟಿತು, ದಾಲ್ ಅದರ ಹಿಂದೆಯೂ ಇದ್ದ. ನಾವು ನೋಡಲಿರುವ ಬೋರ್ಗುಂಡ್ ಮತ್ತು ಉರ್ನೆಸ್ ಚರ್ಚುಗಳೆರಡೂ ಈಗ ಆ ಸಂಘದ್ದೇ. 2001ರಿಂದ 2015ರವರೆಗೆ ಸರ್ಕಾರದ ಪುರಾತತ್ವ ಇಲಾಖೆ 28 ಚರ್ಚುಗಳನ್ನೂ ರಿಪೇರಿ ಮಾಡಿಸಿತು.

ಮೊದಲು ಬೋರ್ಗುಂಡ್‌ಗೆ ಹೋಗೋಣ. ಬರ್ಗೆನ್‌ನಿಂದ ಕಾರಿನಲ್ಲಿ ಹೊರಟರೆ ಔರ್‌ಲಾಂಡ್ ದಾಟಿ 24.5 ಕಿಲೋಮೀಟರ್ ಉದ್ದದ ಲಾರ್ಡಾಲ್ ಸುರಂಗ ಸಿಗುತ್ತದೆ. ಅದು ಮುಗಿದ ಮೇಲೆ ಕಣಿವೆಯೊಳಗೆ ಸ್ವಲ್ಪ ದೂರ. ಚರ್ಚಿನ ಮರ ಕಡಿದದ್ದು 1180-81ರ ಚಳಿಗಾಲದಲ್ಲಿ, ಮರದ ವರ್ಷದ ಉಂಗುರ ಎಣಿಸಿ ಇದನ್ನು ಕಂಡುಹಿಡಿದಿದ್ದಾರೆ. ಒಂದರ ಮೇಲೊಂದು ಸೂರು, ಮೇಲೆ ಡ್ರ್ಯಾಗನ್ ತಲೆಗಳು. ಪೋಸ್ಟ್‌ಕಾರ್ಡ್‌ಗಳಲ್ಲಿ ನೀನು ನೋಡಿರುವುದು ಬಹುಶಃ ಇದನ್ನೇ. ಒಳಗೆ ಕತ್ತಲೆ. ಗೋಡೆಯ ಮೇಲ್ಭಾಗದ ಸಣ್ಣ ದುಂಡು ಕಿಂಡಿಗಳಿಂದ ಬಂದಷ್ಟೇ ಬೆಳಕು. ಕಣ್ಣು ಹೊಂದಿಕೊಳ್ಳುವ ತನಕ ಸುಮ್ನೆ ನಿಂತಿರು, ಕಂಬಗಳು ಒಂದೊಂದಾಗಿ ಕಾಣಿಸತೊಡಗುತ್ತವೆ.

ಅಲ್ಲಿ ಮರದ ಮೇಲೆ ರೂನ್ ಎಂಬ ಈ ಕಡೆಯ ಹಳೇ ಲಿಪಿಯ ಗೀಚುಗಳಿವೆ. ದಾರಿಹೋಕರು ಚಾಕುವಿನಲ್ಲಿ ಕೆತ್ತಿದವು. ಒಂದರಲ್ಲಿ ತೋರಿರ್ ಎಂಬವನು ಸಂತ ಓಲಾವ್ ಹಬ್ಬದ ಸಂಜೆ ಈ ಕಡೆಯಿಂದ ಹೋಗುವಾಗ ಇದನ್ನು ಬರೆದೆ ಅನ್ನುತ್ತಾನೆ. ಜೊತೆಗೇ, ನಾರ್ನ್‌ಗಳು ಒಳ್ಳೆಯದನ್ನೂ ಮಾಡಿದರು, ಕೆಟ್ಟದ್ದನ್ನೂ ಮಾಡಿದರು, ನನಗೆ ಬಹಳ ಕಷ್ಟ ಕೊಟ್ಟರು ಎಂದು ಬರೆದಿದ್ದಾನೆ. ನಾರ್ನ್ ಎಂದರೆ ಹಣೆಬರಹ ಬರೆಯುವ ಹಳೇ ದೇವತೆಯರು. ಕ್ರೈಸ್ತರ ಹಬ್ಬದ ದಿನ, ಕ್ರೈಸ್ತರ ಗುಡಿಯಲ್ಲೇ ಅವನು ಅವರನ್ನು ನೆನೆದಿದ್ದಾನೆ. ಅವನಿಗೆ ಏನು ಕಷ್ಟ ಬಂದಿತ್ತೋ, ನಾನು ಆಗಾಗ ಯೋಚಿಸುತ್ತೇನೆ.

ಉರ್ನೆಸ್ ಬೇರೆಯೇ. ಹೊರಗಿನಿಂದ ಬೋರ್ಗುಂಡ್‌ನಷ್ಟು ಥಳಕು ಇಲ್ಲ, ಸ್ವಲ್ಪ ಸಪ್ಪೆ ಅಂತಲೂ ಅನ್ನಿಸಬಹುದು. ಉತ್ತರದ ಗೋಡೆಗೆ ಸುತ್ತಿ ಹೋಗು. ಅಲ್ಲಿರುವ ಬಾಗಿಲವಾಡ ಈ ಚರ್ಚಿಗಿಂತ ಹಳೆಯದು. 1130ರ ಹೊತ್ತಿಗೆ ಇದನ್ನು ಕಟ್ಟುವಾಗ, ಹಿಂದಿನ ಶತಮಾನದ ಚರ್ಚಿನಿಂದ ಉಳಿಸಿ ತಂದು ಕೂರಿಸಿದ್ದು. ಉದ್ದ ಕತ್ತಿನ ನಾಲ್ಕು ಕಾಲಿನ ಒಂದು ಪ್ರಾಣಿ ಹಾವನ್ನು ಕಚ್ಚುತ್ತಿದೆ, ಹಾವು ಅದನ್ನು ತಿರುಗಿ ಕಚ್ಚುತ್ತಿದೆ. ಸುತ್ತ ಸಪೂರ ಸುರುಳಿಗಳು ಒಂದರೊಳಗೊಂದು ಹಾದುಹೋಗುತ್ತವೆ. ಒಂದು ಸುರುಳಿ ಹಿಡಿದು ಕಣ್ಣಿನಲ್ಲೇ ಹಿಂಬಾಲಿಸು, ಅದು ದಪ್ಪವಾಗುತ್ತಾ ತೆಳುವಾಗುತ್ತಾ ಎಲ್ಲೂ ತುಂಡಾಗದೆ ಸಾಗುತ್ತದೆ. ಉಳಿ ಇಷ್ಟು ಆಳಕ್ಕೆ ಇಳಿದೂ ಗೆರೆ ಎಲ್ಲೂ ತಡವರಿಸಿಲ್ಲ. ಈ ಕೆತ್ತನೆಯ ಶೈಲಿಗೇ ಈ ಊರಿನ ಹೆಸರು ಬಂತು. 1979ರಲ್ಲಿ ಇದು ಯುನೆಸ್ಕೋ ಪಟ್ಟಿಗೆ ಸೇರಿತು. ಒಳಗೆ ಕಂಬಗಳ ತಲೆಯ ಮೇಲೂ ಪ್ರಾಣಿಗಳ ಕೆತ್ತನೆ ಇದೆ, ಅದಕ್ಕೂ ಸಮಯ ಬೇಕು.

ಬರ್ಗೆನ್ ಊರ ಅಂಚಿನಲ್ಲಿರುವ ಫಾಂಟಾಫ್ಟ್ ಚರ್ಚನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದನ್ನು 1992ರಲ್ಲಿ ಬೆಂಕಿಯಿಟ್ಟು ಸುಟ್ಟರು, ಈಗಿರುವುದು ಹೊಸದಾಗಿ ಕಟ್ಟಿದ್ದು. ಸಮಯ ಉಳಿದರೆ ಮಾತ್ರ ನೋಡೋಣ. ಹೆದ್ದಾಲ್ ಎಲ್ಲಕ್ಕಿಂತ ದೊಡ್ಡದು, ಆದರೆ ಅದಿರುವ ಟೆಲೆಮಾರ್ಕ್ ಪ್ರದೇಶ ಈ ದಾರಿಯಲ್ಲಿಲ್ಲ. ಈ ಸಲ ಬಿಟ್ಟುಬಿಡೋಣ.

ಬೋರ್ಗುಂಡ್ ಆದಮೇಲೆ ಫೋದ್ನೆಸ್‌ನಲ್ಲಿ ಫೆರಿ ಹತ್ತಿ ಮನ್‌ಹೆಲ್ಲರ್‌ಗೆ, ದಾರಿಯಲ್ಲಿ ಕೌಪಾಂಗರ್ ಚರ್ಚು, ರಾತ್ರಿ ಸೋಲ್ವೋರ್ನ್‌ನಲ್ಲಿ ಉಳಿಯೋಣ. ಬೆಳಿಗ್ಗೆ ಅಲ್ಲಿಂದಲೇ ಸಣ್ಣ ಫೆರಿಯಲ್ಲಿ ಲುಸ್ಟ್ರಾಫ್ಯೋರ್ಡ್ ದಾಟಿದರೆ ಉರ್ನೆಸ್. ದಡದಿಂದ ಚರ್ಚಿಗೆ ಏರುದಾರಿ, ಸುಮಾರು ಒಂದು ಕಿಲೋಮೀಟರ್. ಅಪ್ಪಯ್ಯನ ಮಂಡಿನೋವು ಈಗ ಹೇಗಿದೆ, ಬರೆ. ಕೂತು ಕೂತು ಹತ್ತಿದರೂ ಪರವಾಗಿಲ್ಲ, ಅದಕ್ಕೇ ಇಡೀ ದಿನ ಇಟ್ಟುಕೋ ಅಂದದ್ದು. ಜೂನ್ ಆದರೂ ಸ್ವೆಟರ್, ಮಳೆಕೋಟು ಎರಡೂ ಬೇಕು. ಊಟದ ಬುತ್ತಿ ನಾನು ಕಟ್ಟಿಕೊಂಡು ಬರುತ್ತೇನೆ. ನೀನು ತಾರೀಖು ಗಟ್ಟಿ ಮಾಡಿ ಬೇಗ ತಿಳಿಸು, ಸೋಲ್ವೋರ್ನ್‌ನಲ್ಲಿ ರೂಮುಗಳು ಕಡಿಮೆ.

ನಿನ್ನ ಗೆಳೆಯ