ಪೇಟೆಯನ್ನು ಇರುವ ಹಾಗೆ ಬರೆದುಕೊಳ್ಳಿ: ಬೆಂಗಳೂರು ಕೇಂದ್ರ ನಗರ ಪಾಲಿಕೆ ಆಯುಕ್ತರಿಗೊಂದು ಬಹಿರಂಗ ಪತ್ರ

ಮಾನ್ಯ ಆಯುಕ್ತರೇ,

ನಮಸ್ಕಾರ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ನಮ್ಮ ಹಳೇ ಪೇಟೆ ನಿಮ್ಮ ಪಾಲಿಕೆಗೆ ಬಂತು. ಹೊಸ ಪಾಲಿಕೆ ಅಂದ ಮೇಲೆ ಒಂದೊಂದು ವಾರ್ಡಿನ ಬಗ್ಗೆಯೂ ಹೊಸದಾಗಿ ನಾಲ್ಕು ಸಾಲು ಬರೆಯಲೇಬೇಕು. ಎಲ್ಲಿಂದ ಎಲ್ಲಿವರೆಗೆ, ಏನೇನಿದೆ, ಎಷ್ಟು ಜನ, ಅವರಿಗೆ ಏನಿಲ್ಲ. ಮುಂದೆ ಬರುವ ಅನುದಾನ, ನಲ್ಲಿ, ಶೌಚಾಲಯ, ಕ್ಲಿನಿಕ್ಕು ಎಲ್ಲ ಆ ನಾಲ್ಕು ಸಾಲು ನೋಡಿಯೇ ಬರುತ್ತವೆ. ಆದ್ದರಿಂದ ಕೆಲಸ ಮಾಡಿಕೊಡಿ ಅಂತ ಕೇಳುವುದಕ್ಕಿಂತ ಮುಂಚೆ, ನಮ್ಮನ್ನು ಸರಿಯಾಗಿ ಬರೆದುಕೊಳ್ಳಿ ಅಂತ ಕೇಳುತ್ತಿದ್ದೇನೆ.

ಗಡಿಯಿಂದ ಶುರು ಮಾಡೋಣ. ಚಿಕ್ಕಪೇಟೆಯ ಜನರಿಗೆ ನಿಮ್ಮ ಎಂಎಲ್ಎ ಯಾರು ಅಂತ ಕೇಳಿ ನೋಡಿ, ತಮಾಷೆ ಗೊತ್ತಾಗುತ್ತದೆ. 198 ವಾರ್ಡುಗಳಿದ್ದ ಕಾಲದಲ್ಲಿ ಚಿಕ್ಕಪೇಟೆ ವಾರ್ಡ್ ಇದ್ದದ್ದು ಗಾಂಧಿನಗರ ವಿಧಾನಸಭಾ ಕ್ಷೇತ್ರದಲ್ಲಿ. ಚಿಕ್ಕಪೇಟೆ ಅನ್ನುವ ಹೆಸರಿನ ಕ್ಷೇತ್ರದಲ್ಲಿ ಇದ್ದದ್ದು ವಿಶ್ವೇಶ್ವರಪುರ, ಹೊಂಬೇಗೌಡನಗರ, ಜಯನಗರದ ವಾರ್ಡು! ಧರ್ಮರಾಯಸ್ವಾಮಿ ದೇವಸ್ಥಾನದ ವಾರ್ಡ್ ಆ ಕ್ಷೇತ್ರಕ್ಕೆ ಸೇರಿತ್ತು, ಕೆ.ಆರ್. ಮಾರ್ಕೆಟ್ ವಾರ್ಡ್ ಚಾಮರಾಜಪೇಟೆಗೆ. ಒಂದು ಗಂಟೆಯಲ್ಲಿ ನಡೆದು ಮುಗಿಸಬಹುದಾದ ಪೇಟೆಗೆ ಮೂವರು ಶಾಸಕರು. ಹಾಗಾಗಿ 'ಚಿಕ್ಕಪೇಟೆಯ ಅಂಕಿಅಂಶ' ಅಂತ ಯಾರಾದರೂ ತಂದಿಟ್ಟರೆ, ಅದು ಚಿಕ್ಕಪೇಟೆಯದ್ದೋ ಜಯನಗರದ್ದೋ ಅಂತ ಮೊದಲು ಕೇಳಿ. ಜಯನಗರದ ಅಗಲ ರಸ್ತೆ, ಪಾರ್ಕುಗಳ ಜೊತೆ ನಮ್ಮ ಗಲ್ಲಿಗಳನ್ನು ಸೇರಿಸಿ ಸರಾಸರಿ ತೆಗೆದರೆ ಕಷ್ಟವೆಲ್ಲ ಕಾಗದದ ಮೇಲೆ ಕರಗಿ ಹೋಗುತ್ತದೆ.

ವಾರ್ಡಿನ ಕಥೆಯೂ ಅಷ್ಟೇ. 2010 ಮತ್ತು 2015ರ ಚುನಾವಣೆ ನಡೆದದ್ದು 198 ವಾರ್ಡಿಗೆ. ಆಮೇಲೆ 243 ಅಂದರು, ಅದಾದ ಮೇಲೆ 225 ಅಂದರು, ಈಗ ಪಾಲಿಕೆಯೇ ಬೇರೆ. ಹೆಸರು ಅದೇ ಉಳಿದರೂ ಗೆರೆ ಅದೇ ಇರುವುದಿಲ್ಲ. 2011ರ ಜನಗಣತಿಯ ಸಂಖ್ಯೆ ಹಳೇ ಗೆರೆಯೊಳಗಿನದ್ದು. ಅದನ್ನು ಹೊಸ ವಾರ್ಡಿನ ಮುಂದೆ ಸುಮ್ನೆ ಅಂಟಿಸಿದರೆ ಅದು ಯಾರ ಲೆಕ್ಕವೂ ಅಲ್ಲ.

ಪೇಟೆಯವರಿಗೆ ಮಾತ್ರ ಗಡಿ ಗೊತ್ತು. ಕೆಂಪೇಗೌಡರ ಕಾಲದ ಮಣ್ಣಿನ ಕೋಟೆಗೆ ಉತ್ತರದಲ್ಲಿ ಯಲಹಂಕ ಬಾಗಿಲು, ಪೂರ್ವದಲ್ಲಿ ಹಲಸೂರು ಬಾಗಿಲು. ಉತ್ತರದಿಂದ ದಕ್ಷಿಣಕ್ಕೆ ದೊಡ್ಡಪೇಟೆ, ಅಂದರೆ ಈಗಿನ ಅವೆನ್ಯೂ ರಸ್ತೆ. ಅದಕ್ಕೆ ಅಡ್ಡವಾಗಿ ಚಿಕ್ಕಪೇಟೆ. ಕೋಟೆ ಗೋಡೆ ಹೋಯಿತು, ಹಲಸೂರು ಗೇಟ್ ಪೊಲೀಸ್ ಠಾಣೆ ಉಳಿಯಿತು. (ಹೊಸಬರು ಈಗಲೂ ಹಲಸೂರಿಗೆ ಹೋಗಿ ಆ ಠಾಣೆ ಹುಡುಕುತ್ತಾರೆ.) ಇವತ್ತಿನ ಲೆಕ್ಕದಲ್ಲಿ ಹೇಳುವುದಾದರೆ ಉತ್ತರಕ್ಕೆ ಕೆ.ಜಿ. ರಸ್ತೆ, ಪೂರ್ವಕ್ಕೆ ಹಲಸೂರು ಗೇಟ್, ದಕ್ಷಿಣಕ್ಕೆ ಮಾರ್ಕೆಟ್ಟು, ಪಶ್ಚಿಮಕ್ಕೆ ಕಾಟನ್‌ಪೇಟೆ. ಕರಗ ಇಲ್ಲೇ ಸುತ್ತುತ್ತದೆ. ಚೈತ್ರದ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಟು, ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೆ ಹೋಗಿ, ಬೆಳಗಿನ ಜಾವಕ್ಕೆ ಗುಡಿಗೆ ವಾಪಸ್. ಯಾವ ನಕ್ಷೆ ಮಾಡಿದರೂ ಈ ಪೇಟೆಗಳನ್ನು ಒಟ್ಟಿಗೆ ನೋಡುವುದಕ್ಕೆ ಒಂದು ದಾರಿ ಇಟ್ಟುಕೊಳ್ಳಿ.

ಹೆಗ್ಗುರುತುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಆ ಪಟ್ಟಿ ಎಲ್ಲರ ಹತ್ತಿರವೂ ಇದೆ. ಹಳೇ ಮಾರ್ಕೆಟ್ ಕಟ್ಟಡ, 1791ರಲ್ಲಿ ಮುಗಿದ ಟಿಪ್ಪು ಅರಮನೆ, ಪಕ್ಕದ ಕೋಟೆ ವೆಂಕಟರಮಣ, 1900ರಲ್ಲಿ ಬಾಗಿಲು ತೆರೆದ ವಿಕ್ಟೋರಿಯಾ ಆಸ್ಪತ್ರೆ, ಈಗ ಎರಡು ಮೆಟ್ರೋ ನಿಲ್ದಾಣ. ಒಂದೇ ಮಾತು. ಇವುಗಳನ್ನು 'ಪ್ರದೇಶದ ಸೌಲಭ್ಯ' ಅನ್ನುವ ಕಾಲಮ್ಮಿನಲ್ಲಿ ಹಾಕಬೇಡಿ. ವಿಕ್ಟೋರಿಯಾಕ್ಕೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅದು ಹತ್ತಿರ ಇದೆ ಅಂದ ಮಾತ್ರಕ್ಕೆ ಕುಂಬಾರಪೇಟೆಯ ಬಾಣಂತಿಗೆ ಓಣಿಯಲ್ಲೊಂದು ಕ್ಲಿನಿಕ್ ಬೇಡ ಅಂತ ಆಗುವುದಿಲ್ಲ. ನಮಗೆ ಹೆಗ್ಗುರುತು ಅಂದರೆ ನೀರು ಬರುವ ನಲ್ಲಿ, ಬೀಗ ಹಾಕದ ಶೌಚಾಲಯ, ನ್ಯಾಯಬೆಲೆ ಅಂಗಡಿ. ಅವೂ ನಕ್ಷೆಯ ಮೇಲೆ ಬರಲಿ.

ಇನ್ನು ಜನ. ಒಮ್ಮೆ ಒಂದು ಸರ್ಕಾರಿ ಕಚೇರಿಯಲ್ಲಿ ಕಬ್ಬನ್‌ಪೇಟೆಯ ನಮ್ಮ ಓಣಿಯನ್ನು 'ಪೂರ್ತಿ ವಾಣಿಜ್ಯ' ಅಂತ ಬರೆದದ್ದು ಕಣ್ಣಿಗೆ ಬಿತ್ತು. ಕೇಳಿದೆ. "ಅಲ್ಲಿ ಯಾರೂ ವಾಸ ಇಲ್ಲ ಅಲ್ವಾ ಸಾರ್, ಎಲ್ಲ ಅಂಗಡಿ ತಾನೇ?" ಅಂದರು. ಕೇಳಿದವನು ಅಲ್ಲೇ ವಾಸ ಇರುವವನು! ಅವರ ತಪ್ಪೂ ಅಲ್ಲ ಬಿಡಿ, ಅವರು ಬಂದಿದ್ದರೆ ಹಗಲು ಬಂದಿರುತ್ತಾರೆ. ಹಗಲು ಇಲ್ಲಿ ಕಾಣುವುದು ವ್ಯಾಪಾರ. ಮದುವೆ ಸೀರೆಗೆ ಬಂದವರು, ವೈರು-ಸ್ವಿಚ್ಚು ಹುಡುಕಿಕೊಂಡು ಎಸ್.ಪಿ. ರಸ್ತೆಗೆ ಬಂದವರು, ತಳ್ಳುಗಾಡಿ, ಗೂಡ್ಸ್ ಆಟೋ.

ರಾತ್ರಿ ಷಟರ್ ಎಳೆದ ಮೇಲೆ ಉಳಿಯುವವರು ಬೇರೆ. ನಮ್ಮ ಮನೆಯಿಂದ ಸ್ವಲ್ಪ ಆಚೆ, ನಗರ್ತಪೇಟೆಯಲ್ಲಿ ಒಂದು ಕಟ್ಟಡ ಇದೆ. ಕೆಳಗೆ ಅಂಗಡಿ, ಮೊದಲನೇ ಮಹಡಿ ಸರಕು. ಒಬ್ಬರು ಹತ್ತುವಾಗ ಇನ್ನೊಬ್ಬರು ಇಳಿಯಲಾಗದಷ್ಟು ಇಕ್ಕಟ್ಟಿನ ಮೆಟ್ಟಿಲು ಹತ್ತಿದರೆ ಚಿನ್ನದ ಕೆಲಸದ ಹುಡುಗರು. ಹೆಚ್ಚಿನವರು ಬಂಗಾಳದವರು. ನೆಲದ ಮೇಲೆ ಕೂತು, ಗಿಡ್ಡ ಮರದ ಮೇಜಿನ ಮೇಲೆ ಬಗ್ಗಿ, ಊದುಗೊಳವೆಯ ಬೆಂಕಿಯಲ್ಲಿ ಬೆಸುಗೆ ಹಾಕುತ್ತಾರೆ. ಗುಡಿಸಿದ ಧೂಳನ್ನೂ ಬಿಸಾಡುವುದಿಲ್ಲ, ಅದರಲ್ಲಿ ಚಿನ್ನದ ಪುಡಿ ಇರುತ್ತದೆ. ರಾತ್ರಿ ಮೇಜು ಗೋಡೆಗೆ ಒರಗಿಸಿ ಅದೇ ನೆಲದ ಮೇಲೆ ಚಾಪೆ. ಕಿಟಕಿ ಒಂದು, ಕಕ್ಕಸು ಇಡೀ ಕಟ್ಟಡಕ್ಕೆ ಒಂದು. ಬಾಡಿಗೆ ಕರಾರು ಇವರ ಹೆಸರಿನಲ್ಲಿಲ್ಲ, ಆದ್ದರಿಂದ ವಿಳಾಸಕ್ಕೆ ಪುರಾವೆ ಇಲ್ಲ. ಮೀಟರ್ ಕಮರ್ಷಿಯಲ್. ಉಚಿತ ಕರೆಂಟಿನ ಗೃಹಜ್ಯೋತಿ ಗೃಹ ಬಳಕೆಯ ಸಂಪರ್ಕಕ್ಕೆ ಮಾತ್ರ, ಹಾಗಾಗಿ ಅದೂ ಇಲ್ಲ. ಊರಿನ ಬಂಗಾರವೆಲ್ಲ ಇವರ ಕೈಮೇಲೆ ಹೋಗುತ್ತದೆ, ನಿಮ್ಮ ಬಡತನದ ಪಟ್ಟಿಯಲ್ಲಿ ಇವರು ಎಲ್ಲೂ ಇಲ್ಲ.

ಯಾಕಿಲ್ಲ ಅಂದರೆ, ನಾವು ಬಡತನವನ್ನು ಕೊಳೆಗೇರಿಯಲ್ಲಿ ಮಾತ್ರ ಹುಡುಕುತ್ತೇವೆ. ರಾಜ್ಯದಲ್ಲಿ 1973ರ ಕಾಯ್ದೆ ಪ್ರಕಾರ ಘೋಷಣೆಯಾದರೆ ಅದು ಕೊಳೆಗೇರಿ. ಘೋಷಣೆಯಾಗದ್ದನ್ನು 2011ರ ಜನಗಣತಿ ಗುರುತಿಸಬೇಕಾದರೆ ಒಂದೇ ಕಡೆ ಒತ್ತಾಗಿ ಕನಿಷ್ಠ 300 ಜನ ಅಥವಾ 60–70 ಮನೆ ಇರಬೇಕಿತ್ತು. ಪೇಟೆಯ ಬಡವರು ಹಾಗೆ ಒಂದೇ ಕಡೆ ಇಲ್ಲ. ಈ ಅಟ್ಟದ ಮೇಲೆ ಎಂಟು ಜನ, ಆ ಮಗ್ಗದ ಮನೆಯ ಹಿಂದೆ ಒಂದು ಸಂಸಾರ, ಮಾರ್ಕೆಟ್ಟಿನ ಜಗಲಿಯಲ್ಲಿ ಹಮಾಲಿಗಳು, ಕಲಾಸಿಪಾಳ್ಯದ ಫುಟ್‌ಪಾತಿನಲ್ಲಿ ಹೂ ಕಟ್ಟುವ ಹೆಂಗಸರು. ಎಲ್ಲ ಸೇರಿದರೆ ದೊಡ್ಡ ಸಂಖ್ಯೆ, ಒಂದೊಂದೇ ನೋಡಿದರೆ ಲೆಕ್ಕಕ್ಕಿಲ್ಲ. ಅದೇ ರಸ್ತೆಯಲ್ಲಿ ಕೋಟಿಗಟ್ಟಲೆ ವಹಿವಾಟು ನಡೆಯುವುದರಿಂದ ವಾರ್ಡು ಶ್ರೀಮಂತ ಅಂತ ಕಾಣುತ್ತದೆ. ಆ ದುಡ್ಡಿನ ಒಡೆಯರಲ್ಲಿ ಬಹಳ ಜನ ರಾತ್ರಿ ಇಲ್ಲಿ ಮಲಗುವುದಿಲ್ಲ. ಅನುಕೂಲಸ್ಥರು ಪೇಟೆ ಬಿಡುವುದು ಈಗಿನ ಮಾತೂ ಅಲ್ಲ. 1898ರ ಪ್ಲೇಗ್ ಆದ ಮೇಲೆ ಮಲ್ಲೇಶ್ವರ, ಬಸವನಗುಡಿ ಬೆಳೆದದ್ದೇ ಹಾಗೆ.

ಇದೆಲ್ಲ ಕಾಗದದ ಜಗಳ ಅನ್ನಬೇಡಿ. 2025ರ ಆಗಸ್ಟ್‌ನಲ್ಲಿ ನಗರ್ತಪೇಟೆಯ ಕಟ್ಟಡವೊಂದಕ್ಕೆ ಬೆಂಕಿ ಬಿದ್ದು ಐದು ಜನ ಸತ್ತರು. ಅವರಲ್ಲಿ ಗಂಡ, ಹೆಂಡತಿ, ಇಬ್ಬರು ಚಿಕ್ಕ ಮಕ್ಕಳು. ಅಲ್ಲೂ ಹೀಗೇ, ಕೆಳಗೆ ಸರಕು, ಮೇಲೆ ಸಂಸಾರ. ಅಂಥ ಕಟ್ಟಡಗಳಲ್ಲಿ ರಾತ್ರಿ ಎಷ್ಟು ಜನ ಮಲಗುತ್ತಾರೆ ಅಂತ ಒಂದು ಪಟ್ಟಿ ಅಗ್ನಿಶಾಮಕದವರ ಕೈಯಲ್ಲಿ ಇರಬೇಡವೇ?

2027ರ ಜನಗಣತಿ ಬಾಗಿಲಲ್ಲಿದೆ. ಗಣತಿದಾರರಿಗೆ ಪೇಟೆಯಲ್ಲಿ ಪ್ರತಿ ಮಹಡಿ ಹತ್ತಲು ಹೇಳಿ, ಅಂಗಡಿ ಬೋರ್ಡ್ ನೋಡಿ ಮುಂದೆ ಹೋಗಬಾರದು. ನಿಮ್ಮ ವಾರ್ಡ್ ವಿವರದಲ್ಲಿ ಗಡಿಯನ್ನು ರಸ್ತೆಗಳ ಹೆಸರು ಹಿಡಿದು ಬರೆಸಿ. ಪ್ರತಿ ಸಂಖ್ಯೆಯ ಪಕ್ಕ ವರ್ಷ ಇರಲಿ, ಅದು ಯಾವ ಗೆರೆಯೊಳಗಿನದ್ದು ಅಂತಲೂ ಇರಲಿ. ಹಗಲಿನ ಜನ, ರಾತ್ರಿಯ ಜನ ಬೇರೆ ಬೇರೆ ಬರಲಿ. ಅಂಗಡಿ ಮೇಲಿನ ವಾಸದ ಕೋಣೆಗಳಿಗೆ ಒಂದು ಕಾಲಮ್ ಇರಲಿ. ಬರೆದದ್ದನ್ನು ವಾರ್ಡ್ ಕಚೇರಿಯ ಗೋಡೆಗೆ ಅಂಟಿಸಿ, ಆಕ್ಷೇಪಣೆಗೆ ಒಂದು ತಿಂಗಳು ಕೊಡಿ. 2020ರ ಸೆಪ್ಟೆಂಬರ್‌ನಲ್ಲಿ ಹಳೇ ಕೌನ್ಸಿಲ್ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರ್ ಇಲ್ಲದೆ ಕಳೆದವರು ನಾವು. ಹೇಳಿಕೊಳ್ಳಲು ಬೇರೆ ಜಾಗ ಇರಲಿಲ್ಲ.

ನೀವೇ ಒಮ್ಮೆ ಬನ್ನಿ. ರಾತ್ರಿ ಹತ್ತರ ಮೇಲೆ ಬಂದರೆ ಒಳ್ಳೆಯದು. ಕಾರನ್ನು ಟೌನ್ ಹಾಲ್ ಹತ್ತಿರ ಬಿಟ್ಟು ನಡೆದು ಬರಬೇಕಾಗುತ್ತದೆ, ನಮ್ಮ ಓಣಿಗೆ ಕಾರು ನುಗ್ಗುವುದಿಲ್ಲ.

ಇತಿ ತಮ್ಮ ವಿಶ್ವಾಸಿ,
ಕಬ್ಬನ್‌ಪೇಟೆಯ ಒಬ್ಬ ನಿವಾಸಿ